ಸಹಾಯ ಬೇಕು: ಪರ್ತ್‌ನಿಂದ ಅಡಿಲೇಡ್‌ಗೆ ವ್ಯಾನ್, ನಡುವೆ ಸಾವಯವ ತೋಟದಲ್ಲಿ ಕೆಲಸ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಕಡೆಯಿಂದ ಇಬ್ಬರು ಆಸ್ಟ್ರೇಲಿಯಾಕ್ಕೆ ಹೊರಡುವುದು. ಪರ್ತ್‌ನಿಂದ ಅಡಿಲೇಡ್‌ಗೆ ದಾರಿ ಸುಮಾರು 2,700 ಕಿ.ಮೀ. ಹಳೇ ವ್ಯಾನ್ ಲೀಟರಿಗೆ 10 ಕಿ.ಮೀ. ಕೊಟ್ಟರೆ 270 ಲೀಟರ್ ಪೆಟ್ರೋಲ್. ಎದುರುಗಾಳಿ, ಮೇಲಿನ ಕ್ಯಾರಿಯರ್ ಸೇರಿದರೆ 320 ಲೀಟರ್ ಹಿಡಿಯಬೇಕು. ನಡುವಿನ ನಲ್ಲರ್‌ಬೋರ್ ಬಯಲು ದಾರಿಯಲ್ಲಿ ಬಲಡೋನಿಯಾ ಬಂಕ್ ಬಿಟ್ಟರೆ ಮುಂದಿನ ಬಂಕ್ ಕೈಗುನಾ, 180 ಕಿ.ಮೀ. ದಾಟಿ. ಕುಡಿಯುವ ನೀರಂತೂ ನಾವೇ ಒಯ್ಯಬೇಕು. ಮುಸ್ಸಂಜೆ ನಂತರ ಕಾಂಗರೂ ಅಡ್ಡ ಬರುವುದರಿಂದ ರಾತ್ರಿ ಓಡಿಸುವುದಿಲ್ಲ. ಮುಂದೆ ಸೆಡೂನಾ ಊರಿನಲ್ಲಿ ಹಣ್ಣು-ತರಕಾರಿ ತಪಾಸಣೆ ಇದೆ, ಅಲ್ಲಿಗೆ ಮುಟ್ಟುವ ಮೊದಲೇ ಖಾಲಿ ಮಾಡುವುದು.

ತಿಳಿದವರು ಹೇಳಿ:

ಬಾಡಿಗೆ ಕಂಪನಿಯ ವಾಹನವನ್ನು ಇನ್ನೊಂದು ಊರಿಗೆ ಮುಟ್ಟಿಸುವ ರಿಲೊಕೇಶನ್ ಅಗ್ಗ, ಆದರೆ ದಿನಗಳು ಎಣಿಸಿದಷ್ಟೇ. ತೋಟದಲ್ಲಿ ಎರಡು ವಾರ ನಿಲ್ಲಲಾಗದು. ಹಾಗಾದರೆ ಪರ್ತ್‌ನಲ್ಲಿ ಕೊಂಡು ಅಡಿಲೇಡ್‌ನಲ್ಲಿ ಮಾರುವುದು ಸುಲಭವೇ? ಬೇರೆ ರಾಜ್ಯದ ನಂಬರ್ ಪ್ಲೇಟ್ ತೊಡಕಾಗುತ್ತದೆಯೇ?

ವೂಫ್ (WWOOF, ಸಾವಯವ ತೋಟಗಳ ಸ್ವಯಂಸೇವಕರ ಜಾಲ) ತೋಟಗಳಲ್ಲಿ ದಿನಕ್ಕೆ 4ರಿಂದ 6 ಗಂಟೆ ಕೆಲಸ, ಬದಲಿಗೆ ಊಟ-ವಸತಿ. ಸಂಬಳವಿಲ್ಲದಿದ್ದರೂ ವಿಸಿಟರ್ ವೀಸಾಕ್ಕೆ ಇದು ಹೊಂದುತ್ತದೆಯೇ? ಇದೇ ದೊಡ್ಡ ಸಂಶಯ. ಸಸ್ಯಾಹಾರಿಗಳಿಗೆ ಅನುಕೂಲವಾದ ತೋಟ ಪರ್ತ್‌ನ ದಕ್ಷಿಣಕ್ಕಿರುವ ದ್ರಾಕ್ಷಿ ಸೀಮೆ ಮಾರ್ಗರೆಟ್ ರಿವರ್ ಆಸುಪಾಸಿನಲ್ಲಿ ಗೊತ್ತಿದ್ದರೆ ತಿಳಿಸಿ. ಅಡಕೆ, ಕಾಳುಮೆಣಸು, ಜೀವಾಮೃತದ ಅಭ್ಯಾಸ ಇದೆ. ದ್ರಾಕ್ಷಿ ಬಳ್ಳಿ ಸವರುವುದು ಹೊಸತು.

ತೋಟದ ಬೂಟನ್ನು ಇಲ್ಲಿಂದ ಒಯ್ಯುವುದು ಬೇಡವೆಂದು ಕಾಣುತ್ತದೆ. ಮಣ್ಣು ಮೆತ್ತಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.