ಮಕ್ಕಳ ಜೊತೆ ಕೂತು ಗೇಮಿಂಗ್ ಪಿಸಿ ಜೋಡಿಸಬೇಕು, 45 ಸಾವಿರದಲ್ಲಿ ಆಗುತ್ತಾ?

ಅಡಿಕೆತೋಟ_ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಮೇನ್ ರೋಡಿನಿಂದ ಸ್ವಲ್ಪ ಒಳಗೆ. ಮಗ ಹತ್ತನೇ ಕ್ಲಾಸ್ ಮುಗಿಸಿದ್ದಾನೆ, ಮಗಳು ಎಂಟನೇ ಕ್ಲಾಸ್. ಇಬ್ಬರೂ ಎರಡು ವರ್ಷದಿಂದ ಕೇಳುತ್ತಿದ್ದಾರೆ. ಈ ಸಲ ಅಡಿಕೆ ಕೊಟ್ಟ ದುಡ್ಡಲ್ಲಿ 45 ಸಾವಿರ ತೆಗೆದಿಟ್ಟಿದ್ದೇನೆ, ಅದಕ್ಕಿಂತ ಜಾಸ್ತಿ ಆಗೋದಿಲ್ಲ. ಮಾನಿಟರ್ ಮನೆಯಲ್ಲಿ ಹಳೆಯದೊಂದು ಇದೆ.

ಹೋದ ವಾರ ಒಂದು ಅಂಗಡಿಗೆ ಹೋಗಿದ್ದೆವು. 'ಐ7 ಗೇಮಿಂಗ್ ಪಿಸಿ' ಅಂತ ತೋರಿಸಿದರು, 24 ಸಾವಿರ, ಬಣ್ಣದ ಲೈಟಿನ ಫ್ಯಾನ್ ನಾಲ್ಕು. ಮಗ ಅದರ ಮುಂದಿನಿಂದ ಕದಲಲೇ ಇಲ್ಲ. ಮಗಳು ಮೊಬೈಲಲ್ಲಿ ನೋಡಿ 'ಅಪ್ಪಾ, ಇದರ ಇಂಟೆಲ್ ಪ್ರೊಸೆಸರ್ ನಾಲ್ಕನೇ ಜನರೇಶನ್, 2013ರದ್ದು, ಹೆಚ್ಚುಕಮ್ಮಿ ನನ್ನಷ್ಟೇ ವಯಸ್ಸು' ಅಂದಳು. ವಾಪಸ್ ಬಂದೆವು.

ಈಗ ಬಿಡಿ ಭಾಗ ತಂದು ಮೂವರೂ ಸೇರಿ ಮನೆಯಲ್ಲೇ ಜೋಡಿಸೋಣ ಅಂತ ಆಸೆ. ಪಂಪ್‌ಸೆಟ್ ಬಿಚ್ಚಿ ಅಭ್ಯಾಸ ಇದೆ, ಕಂಪ್ಯೂಟರ್ ಒಳಗೆ ಕೈ ಹಾಕಿದ್ದಿಲ್ಲ. ಏನು ತರಬೇಕು? ಮಕ್ಕಳ ಕೈಗೆ ಎಷ್ಟು ಬಿಡಬಹುದು? ಇನ್ನೊಂದು, ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ತುಂಗಾತೀರ:
ಅಣ್ಣಾ, ಮಗಳು ಸರಿಯಾಗಿ ಹಿಡಿದಿದ್ದಾಳೆ. ಆ ನಾಲ್ಕನೇ ಜನರೇಶನ್ ಮೇಲೆ ವಿಂಡೋಸ್ 11 ಸರಿಯಾಗಿ ಕೂರೋದೂ ಇಲ್ಲ, ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಮೇಲೆ ಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್‌ಗೇ ನಿಂತಿತು.

ನಾನು ಶಿವಮೊಗ್ಗದಲ್ಲಿ ಇಬ್ಬರು ಗಂಡುಮಕ್ಕಳ ಜೊತೆ ಜೋಡಿಸಿದೆ. ನನ್ನ ಸಲಹೆ: ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ತಗೊಳ್ಳಿ. ಅದರೊಳಗೇ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಡ. ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಜಿಟಿಎ 5 ಇಂಥವು ಸೆಟ್ಟಿಂಗ್ ಇಳಿಸಿಕೊಂಡರೆ ಚೆನ್ನಾಗಿ ಆಡಬಹುದು. ಭಾಗಗಳೆಲ್ಲ ಕೂರುವ ಬಿ550 ಮದರ್‌ಬೋರ್ಡ್, ಗೇಮ್, ಫೈಲ್ ಇಡಲು 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಒಳ್ಳೆ ಕಂಪನಿಯ 550 ವಾಟ್ ಪವರ್ ಸಪ್ಲೈ. ಕ್ಯಾಬಿನೆಟ್ ಸಾದಾ ಇದ್ದರೂ ಮುಂದೆ ಜಾಲರಿ ಇರಲಿ. ರ‍್ಯಾಮ್ ಮಾತ್ರ 16 ಜಿಬಿಯ ಒಂದೇ ಕಡ್ಡಿ ತರಬೇಡಿ, 8ರದ್ದು ಎರಡು ತನ್ನಿ. ಒಳಗಿನ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸುತ್ತೆ, ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಡೇಟಾ ಓಡುತ್ತೆ, ಗೇಮಲ್ಲಿ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ರ‍್ಯಾಮ್ ರೇಟು 2025ರ ಕೊನೆಯಿಂದ ಸಿಕ್ಕಾಪಟ್ಟೆ ಏರಿದೆ, ಮೊದಲು ಅದರ ಬೆಲೆ ವಿಚಾರಿಸಿ, ಉಳಿದದ್ದು ಆಮೇಲೆ ಲೆಕ್ಕ ಹಾಕಿ.

ಜೋಡಿಸೋದನ್ನ ಪೂರ್ತಿ ಮಕ್ಕಳಿಗೇ ಬಿಡಿ ಅಣ್ಣಾ, ನೀವು ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತರೆ ಸಾಕು. ಭಯ ಪಡಬೇಕಾದ ಜಾಗ ಒಂದೇ, ಪ್ರೊಸೆಸರ್. ಬೋರ್ಡಿನ ಎಎಂ4 ಸಾಕೆಟ್‌ನಲ್ಲಿ ಕೂರುವ ಈ ಪ್ರೊಸೆಸರ್ ಅಡಿಯಲ್ಲಿ ಕೂದಲಿನಷ್ಟು ಸಣ್ಣ ಪಿನ್ನುಗಳು 1331 ಇವೆ. ಮೂಲೆಯಲ್ಲಿ ಚಿನ್ನದ ಬಣ್ಣದ ಸಣ್ಣ ತ್ರಿಕೋನ ಇರುತ್ತೆ, ಸಾಕೆಟ್‌ನಲ್ಲೂ ಅದೇ ಗುರುತು. ಸಾಕೆಟ್ ಪಕ್ಕದ ಸಣ್ಣ ಲಿವರ್ ಎತ್ತಿ, ಎರಡು ಗುರುತು ಹೊಂದಿಸಿ ಇಟ್ಟರೆ ತಾನೇ ಕೂರುತ್ತೆ. ಒತ್ತಲೇಬಾರದು. ನಮ್ಮ ಚಿಕ್ಕವನು ಉಸಿರು ಬಿಗಿಹಿಡಿದು ಇಟ್ಟ, ಟಪ್ ಅಂತ ಇಳಿಯಿತು. ಅವನ ಮುಖ ನನಗೆ ಇನ್ನೂ ನೆನಪಿದೆ.

ಮೊದಲ ಸಲ ಆನ್ ಮಾಡಿದಾಗ ನಮ್ಮದು ಫ್ಯಾನ್ ತಿರುಗಿತು, ಪರದೆ ಕಪ್ಪು. ಒಂದು ಗಂಟೆ ಒದ್ದಾಡಿದೆವು. ಕೊನೆಗೆ ದೊಡ್ಡವನು ನೋಡಿದ, ರ‍್ಯಾಮ್ ಒಂದು ತುದಿ ಕೂತಿದೆ, ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲಿದೆ. ಟಕ್ ಅಂತ ಸದ್ದು ಬರೋವರೆಗೆ ಒತ್ತಬೇಕು, ಅಲ್ಲಿ ಮಾತ್ರ ಜೋರು ಹಾಕಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ರಲ್ಲಿ ಹಾಕಿ.

ಶರಾವತಿ_ಸಾಗರ:
ಸರ್, ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ 45 ಸಾವಿರದಲ್ಲಿ ಮೊದಲು 4-5 ಸಾವಿರ ಕರೆಂಟಿಗೆ ಎತ್ತಿಡಿ. ನಾನು ಇದನ್ನ ದುಡ್ಡು ಕೊಟ್ಟು ಕಲಿತವನು. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೋಡ ಕಟ್ಟಿತು, ಪ್ಲಗ್ ಕಿತ್ತಿಟ್ಟೆ, ಇಂಟರ್ನೆಟ್‌ನ ಲ್ಯಾನ್ ವೈರ್ ಮರೆತೆ. ಸಿಡಿಲು ಅಲ್ಲಿಂದ ಬಂತು. ರೂಟರ್ ಹೋಯಿತು, ಮದರ್‌ಬೋರ್ಡ್ ಹೋಯಿತು. ಮಗಳು ಎರಡು ದಿನ ಊಟ ಸರಿ ಮಾಡಲಿಲ್ಲ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯೋದಿಲ್ಲ ನಿಜ, ಆದರೆ ಅದರ ಡಬ್ಬಿಗೆ ಅಡಾಪ್ಟರ್ ಇದೆಯಲ್ಲ, ಅಲ್ಲಿಂದ ಲ್ಯಾನ್ ವೈರಿಗೆ ಬರುತ್ತೆ. ಗುಡುಗು ದೂರದಲ್ಲಿ ಕೇಳಿದಾಗಲೇ ಎಲ್ಲ ವೈರೂ ಕೀಳಬೇಕು. ಸಿಡಿಲು ತಲೆ ಮೇಲೆ ಬಂದ ಮೇಲೆ ಮಕ್ಕಳನ್ನ ವೈರ್ ಕೀಳಲು ಕಳಿಸಬೇಡಿ, ಪಿಸಿ ಹೋದರೆ ಹೋಗಲಿ.

ಅರ್ಥಿಂಗ್ ಇದೆಯಾ ನೋಡಿಸಿ. ಹಳೆ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತೆ, ಮೂರನೇದಕ್ಕೆ ವೈರೇ ಇರೋದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಅದೇ ಕಾರಣ. ಎಲೆಕ್ಟ್ರಿಷಿಯನ್ ಕರೆಸಿ, ಅರ್ಥಿಂಗ್ ಗುಂಡಿ ಬೇರೆ ತೆಗೆಸಬೇಕಾದರೂ ತೆಗೆಸಿ. ಜೊತೆಗೆ ಒಂದು ಯುಪಿಎಸ್. 600 ವಿಎ ಅಂತ ಬರೆದಿದ್ದರೆ ಸಾಮಾನ್ಯವಾಗಿ 360 ವಾಟ್ ಲೆಕ್ಕ, ಕಾರ್ಡ್ ಇಲ್ಲದ 5600ಜಿ ಪಿಸಿಗೆ ಧಾರಾಳ ಸಾಕು, ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡೋಷ್ಟು ಹೊತ್ತು ಸಿಗುತ್ತೆ.

ಪುನರ್ವಸು, ಪುಷ್ಯ ಮಳೆ ಹಿಡಿದಾಗ ಪಿಸಿಯನ್ನ ಮುಚ್ಚಿ ಇಡಬೇಡಿ, ದಿನಾ ಅರ್ಧ ಗಂಟೆಯಾದರೂ ಆನ್ ಮಾಡಿ. ಒಳಗೆ ಬೆಚ್ಚಗಾದರೆ ಥಂಡಿ ಕೂರೋದಿಲ್ಲ. ಅಡಿಕೆ ಸುಲಿಯುವ ಜಾಗದಿಂದ, ಬೇಯಿಸುವ ಒಲೆಯಿಂದ ದೂರ ಇಡಿ, ಆ ಧೂಳು ಫ್ಯಾನಿಗೆ ಮೆತ್ತಿಕೊಂಡರೆ ಬಿಡೋದೇ ಇಲ್ಲ. ಹಿಂಭಾಗದ ಖಾಲಿ ಕಿಂಡಿಗಳನ್ನೂ ಮುಚ್ಚಿ, ಹಲ್ಲಿ ಹೋಗುತ್ತೆ.

ಭದ್ರಾ_ಹುಡುಗ:
ನಾನು ಸ್ವಲ್ಪ ಬೇರೆ ಹೇಳ್ತೀನಿ. ಮಕ್ಕಳಿಗೆ ಆಡಬೇಕಾಗಿರೋದು ಯಾವ ಗೇಮ್ ಅಂತ ಕೇಳಿದ್ರಾ ಸರ್? ಹೊಸ ದೊಡ್ಡ ಗೇಮ್ ಆದರೆ 5600ಜಿ ಒಂದೇ ಏದುಸಿರು ಬಿಡುತ್ತೆ. ಇಂಟೆಲ್‌ನ ಐ3 12100ಎಫ್ ಪ್ರೊಸೆಸರ್ ಜೊತೆ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಸಿಕ್ಕರೆ ಆಟಕ್ಕೆ ಅದೇ ಮೇಲು. ಆದರೆ ಎಫ್ ಅಂತ ಇರೋದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಕೆಟ್ಟರೆ ಪರದೆಯೇ ಬರೋದಿಲ್ಲ.

ತುಂಗಾತೀರ:
ಅದಕ್ಕೇ ಬೇಡ ಅಂದಿದ್ದು ತಮ್ಮಾ. ಮಳೆಗಾಲದಲ್ಲಿ ಹಳೆ ಕಾರ್ಡ್ ಕೈಕೊಟ್ಟರೆ ತೀರ್ಥಹಳ್ಳಿಯಿಂದ ಯಾರ ಹತ್ತಿರ ಹೋಗ್ತಾರೆ? 6600ಅನ್ನ ಮುಂದಿನ ವರ್ಷ ಇದೇ ಬೋರ್ಡಿಗೆ ಹಾಕಬಹುದು, 550 ವಾಟ್ ಅದಕ್ಕೂ ಸಾಕು. ಆಗ ಎಚ್‌ಡಿಎಂಐ ವೈರನ್ನ ಬೋರ್ಡಿನಿಂದ ಕಿತ್ತು ಕಾರ್ಡಿಗೆ ಹಾಕಿ, ಬಹಳ ಜನ ಇದನ್ನ ಮರೆತು ಕಾರ್ಡ್ ಕೆಟ್ಟಿದೆ ಅಂತಾರೆ.

ಅಡಿಕೆತೋಟ_ತೀರ್ಥಹಳ್ಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಇಬ್ಬರನ್ನೂ ಕೂರಿಸಿ ಇದನ್ನೆಲ್ಲ ಓದಿ ಹೇಳಿದೆ. ಮಗನಿಗೆ ಕಾರ್ಡ್ ಈಗಲೇ ಬೇಕಿತ್ತು, ಸ್ವಲ್ಪ ಮುಖ ಸಣ್ಣ ಮಾಡಿದ. ಮುಂದಿನ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಕೂತು ಅದಕ್ಕೆ ತಾನೇ ದುಡ್ಡು ಸೇರಿಸ್ತೀನಿ ಅಂದಿದ್ದಾನೆ. ಮಗಳು ನೋಟ್‌ಬುಕ್ಕಲ್ಲಿ ಭಾಗಗಳ ಪಟ್ಟಿ ಬರೆದು, ರ‍್ಯಾಮ್ ಅನ್ನೋದಕ್ಕೆ ಎರಡು ಗೆರೆ ಎಳೆದಿದ್ದಾಳೆ.

ಅರ್ಥಿಂಗ್ ನೋಡಲು ನಾಳೆ ಎಲೆಕ್ಟ್ರಿಷಿಯನ್ ಬರ್ತಾರೆ. ಇವತ್ತು ನಾನೇ ಪ್ಲಗ್ ಬಿಚ್ಚಿ ನೋಡಿದೆ, ಮೂರನೇ ತೂತಿಗೆ ವೈರೇ ಇಲ್ಲ.