ಪುನರ್ಪುಳಿ ಸೋಡಾಕ್ಕೆ ಎಂಥ ಬಾಟಲಿ?

ಪ್ರಶ್ನೆ: ನಮ್ಮದು ಸುಳ್ಯದ ಹತ್ತಿರ. ಅಮ್ಮನ ಪುನರ್ಪುಳಿ (ಕೋಕಂ) ಶರಬತ್ತಿಗೆ ಗ್ಯಾಸ್ ತುಂಬಿಸಿ 200 ಮಿ.ಲೀ. ಬಾಟಲಿಯಲ್ಲಿ ಮಾರಬೇಕೆಂದಿದ್ದೇನೆ. ಆ ಕಡುಗೆಂಪು ಬಣ್ಣವೆಂದರೆ ನನಗೆ ಪ್ರಾಣ. ಅದು ಕಾಣಲಿ ಅಂತ ಪಾರದರ್ಶಕ ಬಾಟಲಿ, ಚಿಕ್ಕ ಲೇಬಲ್ ಇರುವ ನಕ್ಷೆ ಬಿಡಿಸಿದ್ದೇನೆ. ಸರಿಯಾ?

ಉತ್ತರ: ಚಂದ ಉಂಟು. ಆದರೆ ಆ ಬಣ್ಣ ಹಣ್ಣಿನಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣದ ವಸ್ತುವಿನದ್ದು, ಬೆಳಕಿಗೂ ಬಿಸಿಗೂ ಮಾಸುತ್ತದೆ. ಅಂಗಡಿಯವರು ಬಾಟಲಿ ಸಾಲಾಗಿ ಇಡುವುದೇ ಬಿಸಿಲು ಬೀಳುವಲ್ಲಿ. ಬೆಳಕು ಹೋಗದ ಲೋಹದ ಕ್ಯಾನ್ ಮಾಡಿ, ಸೀಳಿದ ಹಣ್ಣಿನ ಚಿತ್ರ ದೊಡ್ಡದಾಗಿ ಹಾಕಿ.

ಇನ್ನೊಬ್ಬರು: ಪೆಟ್ (ಪ್ಲಾಸ್ಟಿಕ್) ಬಾಟಲಿಯಾದರೆ ಐದು ಕಾಲಿನ ತಳವೇ ಇರಲಿ. ಚಪ್ಪಟೆ ತಳ ಗ್ಯಾಸಿನ ಒತ್ತಡಕ್ಕೆ ಉಬ್ಬಿ, ಬಾಟಲಿ ನೆಟ್ಟಗೆ ನಿಲ್ಲುವುದಿಲ್ಲ.

ಕೇಳಿದವ: ತಳದ ವಿಷಯ ಹೇಳಿದ್ದು ದೊಡ್ಡ ಉಪಕಾರವಾಯಿತು. ಕ್ಯಾನ್ ಅಷ್ಟೊಂದು ಒಟ್ಟಿಗೆ ಕೊಳ್ಳುವ ಶಕ್ತಿ ಈಗಿಲ್ಲ. ಬಾಟಲಿಗೆ ಪೂರ್ತಿ ಸ್ಲೀವ್ (ಸುತ್ತಲೂ ಮುಚ್ಚುವ ಲೇಬಲ್) ಹಾಕಿ, ಹಣ್ಣಿನಾಕಾರದ ಸಣ್ಣ ಕಿಟಕಿ ಮಾತ್ರ ಬಿಟ್ಟರೆ?