ವೈಫೈ ಭದ್ರತೆಯ ಬರಹದಲ್ಲಿ ‘ದೌರ್ಬಲ್ಯ’ವೋ, ‘ಕಂಡಿ’ಯೋ?

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಅಂಗಡಿಕಾರರಿಗಾಗಿ ವೈಫೈ ಸುರಕ್ಷತೆಯ ಬಗ್ಗೆ ಎರಡು ಪುಟದ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕೇಡಿಗರು ಒಳನುಗ್ಗಲು ಎಡೆಗೊಡುವ ದೋಷವನ್ನು ಇಂಗ್ಲಿಷಿನಲ್ಲಿ ಹೇಳುವ ‘ವಲ್ನರಬಿಲಿಟಿ’ ಎಂಬುದಕ್ಕೆ ರೂಢಿಯಲ್ಲಿರುವ ‘ದೌರ್ಬಲ್ಯ’ವನ್ನೇ ಹಿಡಿದು, ‘ನಿಮ್ಮ ನಿಸ್ತಂತು ಜಾಲದ ದೌರ್ಬಲ್ಯಗಳನ್ನು ಸರಿಪಡಿಸಿಕೊಳ್ಳಿ’ ಎಂದು ಬರೆದಿದ್ದೆ. ಕರಡನ್ನು ಓದಿದ ಬಟ್ಟೆ ವ್ಯಾಪಾರಿಯೊಬ್ಬರು, “ನಮ್ಮ ವೈಫೈ ದುರ್ಬಲ ಏನಿಲ್ರೀ ಸರ, ಹಿಂದಿನ ಗೋದಾಮಿನ ಮಟಾ ಸಿಗ್ನಲ್ ಚಲೋ ಬರ್ತೈತಿ” ಎಂದರು. ತಪ್ಪು ಅವರದಲ್ಲ. ಹೊರಗೆ ಬೀದಿಯಲ್ಲಿ ನಿಂತವನಿಗೂ ಸಿಗುವಷ್ಟು ಚಲೋ ಇರುವ ಆ ಸಿಗ್ನಲ್ಲೇ ಕೇಡು ಬಗೆಯುವವನಿಗೆ ಅನುಕೂಲವೆಂಬುದನ್ನು ನನ್ನ ಪದ ಸೂಚಿಸುವ ಬದಲು ಮರೆಮಾಡಿತ್ತು. (‘ನಿಸ್ತಂತು’ವನ್ನೂ ಅಲ್ಲಿಯೇ ಕೈಬಿಟ್ಟು ‘ವೈಫೈ’ ಎಂದೇ ತಿದ್ದಿದೆ.)

‘ಭೇದ್ಯತೆ’ ಅರ್ಥಕ್ಕೆ ಹತ್ತಿರವಾದರೂ ಗಲ್ಲೆಯ ಮುಂದೆ ಕುಳಿತು ಓದುವವರಿಗೆ ದೂರ. ‘ಕಿಂಡಿ’ ಎಲ್ಲರಿಗೂ ಗೊತ್ತು. ಆದರೆ ಬೆಳಕಿಗೋ ನೀರಿಗೋ ಬೇಕೆಂದೇ ಬಿಟ್ಟ ತೆರಪು ಎಂಬ ಭಾವ ಅದಕ್ಕೆ ಅಂಟಿಕೊಂಡಿದೆ. ನನ್ನ ಒಲವು ‘ಕಂಡಿ’ಯ ಕಡೆಗಿದೆ. ಬೇಲಿಯಲ್ಲಿ ದನ ನುಗ್ಗಲು ಎಡೆಯಾಗುವ ಕಂಡಿಯನ್ನು ಯಾರೂ ಬೇಕೆಂದು ಬಿಟ್ಟಿರುವುದಿಲ್ಲ, ಅದು ಇದೆಯೆಂದು ಹೊಲದ ಯಜಮಾನನಿಗೆ ತಿಳಿದಿರಬೇಕೆಂದೂ ಇಲ್ಲ, ದನ ಇನ್ನೂ ನುಗ್ಗದಿದ್ದರೂ ಕಂಡಿ ಕಂಡಿಯೇ. ಕಳ್ಳ ತಾನಾಗಿ ಕೊರೆಯುವ ‘ಕನ್ನ’ವನ್ನು ಇದರಿಂದ ಬೇರೆಯಾಗಿಡಬಹುದು. ವೈಫೈ ರಕ್ಷಣೆಯ ಡಬ್ಲ್ಯುಪಿಎ2 ಕ್ರಮದಲ್ಲಿ, ಸಾಧನ ಮತ್ತು ರೌಟರ್ ಪರಸ್ಪರ ಕೀಲಿ ಒಪ್ಪಿಕೊಳ್ಳುವ ಹಂತದಲ್ಲಿದ್ದ ದೋಷವು ಕಂಡಿ. ಅದರ ಮೂಲಕ ನುಗ್ಗುವ ಬಗೆಯಾಗಿ 2017ರಲ್ಲಿ ಬಯಲಾದ ‘ಕ್ರ್ಯಾಕ್’ ಕನ್ನ. ಪಾಸ್‌ವರ್ಡ್ ಬದಲಿಸಿದರೆ ಆ ಕಂಡಿ ಮುಚ್ಚುವುದಿಲ್ಲ, ತಂತ್ರಾಂಶವನ್ನೇ ನವೀಕರಿಸಬೇಕು ಎಂಬ ಮಾತು ಈ ಎರಡು ಪದಗಳಿಂದ ಸಲೀಸಾಗಿ ಹೇಳಲು ಬಂತು. ಹಾಗೆಯೇ ಡಬ್ಲ್ಯುಪಿಎಸ್ ಎಂಬ ಸುಲಭ ಜೋಡಣೆಯ ವ್ಯವಸ್ಥೆಯಲ್ಲಿ ಎಂಟು ಅಂಕಿಯ ಪಿನ್ ಅನ್ನು ರೌಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದಲೂ, ಕೊನೆಯ ಅಂಕಿ ಮಿಕ್ಕ ಏಳರಿಂದಲೇ ದೊರೆಯುವುದರಿಂದಲೂ, ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಅದನ್ನು ಊಹಿಸಬಹುದೆಂದು 2011ರಲ್ಲಿ ತಿಳಿದುಬಂತು, ಇದೂ ಕಂಡಿಯೇ.

ತೊಡಕು ಬಂದದ್ದು ಮುಂದೆ. ರೌಟರ್ ತಂದ ದಿನದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದರೆ ಅದು ಬೇಲಿಯ ಕಂಡಿಯಲ್ಲ, ಅಗಳಿ ಹಾಕದ ಬಾಗಿಲು. ಡಬ್ಲ್ಯುಇಪಿ ಎಂಬ 1997ರ ವೈಫೈ ರಕ್ಷಣಾ ಕ್ರಮವನ್ನು 2001ರಲ್ಲಿಯೇ ಭೇದಿಸಿ ತೋರಿಸಲಾಗಿದ್ದು, ಅದನ್ನು ಈಗಲೂ ಬಳಸುತ್ತಿರುವ ಹಳೆಯ ರೌಟರಿನಲ್ಲಿ ಕಂಡಿ ಹುಡುಕುವುದೇ ವ್ಯರ್ಥ. ಅಲ್ಲಿ ಬೇಲಿಗೇ ಗೆದ್ದಲು ಹತ್ತಿದೆ. ಇಂಗ್ಲಿಷ್ ಈ ಮೂರನ್ನೂ ಒಂದೇ ಪದದಲ್ಲಿ ಕಟ್ಟುತ್ತದೆ. ಅಂಗಡಿಕಾರರು ಮಾಡಬೇಕಾದ ಕೆಲಸ ಮೂರರಲ್ಲೂ ಬೇರೆಬೇರೆಯಾಗಿರುವುದರಿಂದ ಕನ್ನಡವೂ ಹಾಗೆ ಕಟ್ಟಲೇಬೇಕೆಂದು ನನಗೆ ಅನ್ನಿಸುವುದಿಲ್ಲ.

ತಂತ್ರಾಂಶದ ಕಂಡಿ ಮುಚ್ಚುವ ನವೀಕರಣವಾದ ‘ಪ್ಯಾಚ್’ಗೆ ‘ತೇಪೆ’ ಎಂದರೆ ಹುಳುಕು ಮುಚ್ಚಿದಂತೆ ಕೇಳಿಸುತ್ತದೆಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಕೌದಿ ಹೊಲಿಯುವ ನಾಡಿನಲ್ಲಿ ತೇಪೆಗೆ ಆ ಅಪಕೀರ್ತಿ ಬೇಡವೆಂದು ಅದನ್ನು ಉಳಿಸಿಕೊಂಡಿದ್ದೇನೆ.

ಎರಡು ಸಂದೇಹಗಳನ್ನು ಬಲ್ಲವರು ಪರಿಹರಿಸಬೇಕು. ಹತ್ತಿ ವ್ಯಾಪಾರದಲ್ಲಿ ಸುಮಾರು 356 ಕಿಲೋ ತೂಕಕ್ಕೆ ‘ಖಂಡಿ’ ಎಂಬ ಮಾತು ಈಗಲೂ ನಡೆಯುತ್ತಿದೆ. ಹುಬ್ಬಳ್ಳಿ, ಗದಗಿನ ಹತ್ತಿ ವ್ಯಾಪಾರಿಗಳ ಕಿವಿಗೆ ‘ವೈಫೈ ಕಂಡಿ’ ನಗೆಗೀಡಾಗಬಹುದೇ? ಹಾವೇರಿ, ರಾಣೆಬೆನ್ನೂರಿನ ಕಡೆ ಬೇಲಿಯ ಈ ತೆರಪಿಗೆ ಕಂಡಿ ಎಂದೇ ಅನ್ನುತ್ತಾರೆಯೇ, ಬೇರೆ ಹೆಸರಿದೆಯೇ?